ಸಾನ್‌ರೆಮೋ: ಕೆಳಗೆ ಕಡಲು, ಮೇಲೆ ಊರು

ಅಡಿಕೆ ಕೊಯ್ಲು ಮುಗಿಸಿ ಸಾಗರದಿಂದ ನನ್ನ ಮನೆಗೆ ಬಂದ ಅಮ್ಮನಿಗೆ ಇಟಲಿಯ ಟೊರಿನೋದ ಚಳಿ ಒಗ್ಗಲಿಲ್ಲ. ಫೆಬ್ರವರಿ ಪೂರ್ತಿ ಹೀಟರಿಗೆ ಬೆನ್ನು ಕೊಟ್ಟು ಕೂತು, ಕಿಟಕಿಯಾಚೆ ಹಿಮ ಹೊದ್ದ ಆಲ್ಪ್ಸ್ ನೋಡುತ್ತಾ, "ಬಿಸಿಲು ಅನ್ನೋದು ಈ ದೇಶದಲ್ಲಿ ಯಾವ ಊರಲ್ಲಿ ಸಿಗುತ್ತೆ ಪುಟ್ಟೀ?" ಎಂದು ದಿನಕ್ಕೊಮ್ಮೆ ಕೇಳುತ್ತಿದ್ದಳು. ನೂರೈವತ್ತು ವರ್ಷದ ಹಿಂದೆ ಇಂಗ್ಲೆಂಡ್, ರಷ್ಯಾಗಳ ಸಿರಿವಂತ ರೋಗಿಗಳು ತಮ್ಮ ವೈದ್ಯರನ್ನು ಕೇಳುತ್ತಿದ್ದುದೂ ಇದನ್ನೇ. ವೈದ್ಯರು ಬರೆದುಕೊಡುತ್ತಿದ್ದ ಊರುಗಳಲ್ಲಿ ಸಾನ್‌ರೆಮೋ ಒಂದು. ಫ್ರಾನ್ಸಿನ ಗಡಿಗೆ ತಾಗಿದಂತಿರುವ ಲಿಗೂರಿಯಾ ಕರಾವಳಿಯಲ್ಲಿ, ಉತ್ತರದ ಗಾಳಿಗೆ ಬೆಟ್ಟವನ್ನೇ ಗೋಡೆಯಾಗಿ ನಿಲ್ಲಿಸಿಕೊಂಡ ಊರು ಅದು. ನಾಲ್ಕು ದಿನ ರಜೆ ಹಾಕಿದೆ. ಅಪ್ಪನಿಗೆ ಫೋನ್ ಮಾಡಿ ಅಮ್ಮ ಹೇಳಿದ್ದು ಇಷ್ಟೇ: "ಸಮುದ್ರಕ್ಕೆ ಹೋಗ್ತಿದೀವಿ, ಬಿಸಿಲು ಕಾಯಿಸೋಕೆ."

ಮೊದಲ ದಿನ, ಮಾರ್ಚ್ 5, ಬುಧವಾರ

ಸವೋನಾದಲ್ಲಿ ರೈಲು ಬದಲಿಸಿದ ಮೇಲೆ ಹಳಿ ಕಡಲಿನ ಪಕ್ಕಕ್ಕೇ ಬಂತು. ಅಲಾಸ್ಸಿಯೋ ಹತ್ತಿರ ನೀರು ಎಷ್ಟು ಸಮೀಪ ಕಾಣುತ್ತದೆಂದರೆ ಅಮ್ಮ ಕಾಲು ಮೇಲೆತ್ತಿ ಕೂತಳು. ಅಂಡೋರಾ ಎಂಬ ಊರು ದಾಟಿದ್ದೇ ಕಡಲು ಮಾಯ. ಅಲ್ಲಿಂದ ಮುಂದಿನ ಹಳೆಯ ಒಂಟಿ ಹಳಿಯನ್ನು ಬಿಟ್ಟು ರೈಲನ್ನು ಬೆಟ್ಟದೊಳಗೆ ಹೊರಳಿಸಿದ್ದಾರೆ. ಒಂದಾದ ಮೇಲೊಂದು ಸುರಂಗ. ಸಾನ್‌ರೆಮೋ ನಿಲ್ದಾಣವೂ 2001ರಿಂದ ನೆಲದಡಿಯಲ್ಲೇ ಇದೆ. ರೈಲಿಳಿದು ಉದ್ದನೆಯ ಸುರಂಗದ ಓಣಿಯಲ್ಲಿ ಪೆಟ್ಟಿಗೆ ಎಳೆದುಕೊಂಡು ನಡೆದೆವು. ಕೊನೆಗೊಮ್ಮೆ ಬಾಗಿಲು ತೆರೆದಾಗ ಕಣ್ಣಿಗೆ ಬಿಸಿಲು ರಾಚಿತು. ಅಮ್ಮ ಅಲ್ಲೇ ನಿಂತು ಸ್ವೆಟರ್ ತೆಗೆದು ಕೈಗೆ ಹಾಕಿಕೊಂಡಳು. ಎರಡು ತಿಂಗಳಲ್ಲಿ ಮೊದಲ ಸಲ.

ಸಂಜೆ ಕೋರ್ಸೋ ಇಂಪೆರಾತ್ರೀಚೆಯಲ್ಲಿ ಅಡ್ಡಾಡಿದೆವು. 'ಮಹಾರಾಣಿ ಬೀದಿ' ಎಂದರ್ಥ. ರಷ್ಯಾದ ಚಕ್ರವರ್ತಿಯ ಪತ್ನಿ ಮಾರಿಯಾ ಅಲೆಕ್ಸಾಂಡ್ರೋವ್ನಾ 1874-75ರ ಚಳಿಗಾಲವನ್ನು ಇಲ್ಲಿ ಕಳೆದಳು. ಬೀದಿಯ ಅಂದಕ್ಕೆ ತಾಳೆಮರಗಳನ್ನು ಉಡುಗೊರೆ ಕೊಟ್ಟವಳೂ ಅವಳೇ. ಅವಳ ಹಿಂದೆ ರಷ್ಯಾದ ದೊಡ್ಡ ಮನೆತನಗಳು ಬಂದವು, ಅವರಿಗೊಂದು ಚರ್ಚು ಬೇಕಾಯಿತು. ಬೀದಿಯ ತುದಿಯಲ್ಲಿ ಈರುಳ್ಳಿ ಆಕಾರದ ಗುಮ್ಮಟಗಳನ್ನು ಹೊತ್ತು 1913ರಿಂದ ನಿಂತಿದೆ. ಇದರ ಮೂಲ ನಕ್ಷೆ ಅಲೆಕ್ಸೇಯ್ ಶ್ಚೂಸೆವ್ ಅವರದು. ಮಾಸ್ಕೋದಲ್ಲಿ ಲೆನಿನ್ ಸಮಾಧಿಯನ್ನು ವಿನ್ಯಾಸ ಮಾಡಿದ್ದೂ ಇವರೇ. ಚಕ್ರವರ್ತಿಯ ಬಳಗಕ್ಕೊಂದು ಚರ್ಚು, ಚಕ್ರಾಧಿಪತ್ಯವನ್ನು ಕೆಡವಿದವನಿಗೊಂದು ಸಮಾಧಿ, ಎರಡೂ ಒಂದೇ ಕೈಯಿಂದ.

ಅದರ ಎದುರಿಗೇ ಅನ್ನುವಷ್ಟು ಹತ್ತಿರ ಬೆಳ್ಳಗೆ ಹೊಳೆಯುವ ಕಸೀನೋ, 1905ರದ್ದು. ಇಟಲಿಯವರಿಗೆ ಸಾನ್‌ರೆಮೋ ಅಂದರೆ ಹಾಡಿನ ಹಬ್ಬ. ಅದು 1951ರಲ್ಲಿ ಶುರುವಾದದ್ದು ಈ ಕಸೀನೋದ ಸಭಾಂಗಣದಲ್ಲಿ, 1977ರಿಂದ ನಡೆಯುವುದು ಅರಿಸ್ಟೋನ್ ಚಿತ್ರಮಂದಿರದಲ್ಲಿ. ಹಬ್ಬದ ಐದು ರಾತ್ರಿ ನನ್ನ ಆಫೀಸಿನಲ್ಲೂ ಬೇರೆ ಮಾತೇ ಇರುವುದಿಲ್ಲ. ಈ ವರ್ಷದ್ದು ಮುಗಿದು ಮೂರು ವಾರವಾಗುತ್ತಾ ಬಂದಿತ್ತು. ನಾವು ಹೋದಾಗ ಬೀದಿ ಮತ್ತೆ ಊರಿನವರ ಕೈಗೆ ಬಂದಿತ್ತು. ಅಜ್ಜಂದಿರು ಬೆಂಚಿನ ಮೇಲೆ, ನಾಯಿಗಳು ಬೆಂಚಿನ ಕೆಳಗೆ.

ಬೆಂಚೊಂದರಲ್ಲಿ ಕೂತ ಅಮ್ಮ ಕಡಲಿಗೆ ಬೆನ್ನು ಹಾಕಿ ಊರಿನ ಕಡೆ ನೋಡುತ್ತಿದ್ದಳು. ಹೋಟೆಲುಗಳ ಸಾಲಿನ ಹಿಂದೆ, ಬಣ್ಣ ಮಾಸಿದ ಮನೆಗಳು ಒಂದರ ಹೆಗಲ ಮೇಲೊಂದು ಏರಿಕೊಂಡು ಹೋಗಿ, ತುತ್ತ ತುದಿಯಲ್ಲಿ ಒಂದು ಗುಮ್ಮಟದ ಹತ್ತಿರ ಮುಗಿಯುತ್ತಿದ್ದವು.

"ಅಲ್ಲಿ ಜನ ಇದಾರಾ?"

"ಇದಾರಮ್ಮ. ಅದೇ ಹಳೇ ಊರು. ಲಾ ಪೀನ್ಯಾ."

"ನಾಳೆ ಅಲ್ಲಿಗೆ ಹೋಗಣ," ಅಂದಳು. ಮಂಡಿನೋವಿನ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಎರಡನೇ ದಿನ, ಮಾರ್ಚ್ 6

ಪೀನ್ಯಾ ಅಂದರೆ ಪೈನ್ ಮರದ ಕಾಯಿ. ಅದರ ಪಕಳೆಗಳ ಹಾಗೆ ಬೀದಿಗಳು ಗುಡ್ಡವನ್ನು ಸುತ್ತು ಸುತ್ತಾಗಿ ತಬ್ಬಿಕೊಂಡಿವೆ. ಸುಮಾರು ಸಾವಿರ ವರ್ಷದ ಹಿಂದೆ ಕಡಲಿನಿಂದ ಏರಿಬರುತ್ತಿದ್ದ ಸರಾಸೆನ್ (ಅರಬ್) ದಾಳಿಕಾರರಿಗೆ ಹೆದರಿ ಜನ ಇಲ್ಲಿ ಒತ್ತೊತ್ತಾಗಿ ಮನೆ ಕಟ್ಟಿಕೊಂಡರು. ಇಂದು ಯಾವ ಕಡಲಿಗಾಗಿ ಪ್ರವಾಸಿಗರು ದುಡ್ಡು ಕೊಟ್ಟು ಬರುತ್ತಾರೋ, ಆ ಕಡಲಿಗೆ ಬೆನ್ನು ಹಾಕಿಯೇ ಈ ಊರು ಹುಟ್ಟಿದ್ದು. ಸಾನ್‌ರೆಮೋ ನೋಡಿ ಬಂದೆವು ಅನ್ನುವ ನನ್ನ ಎಷ್ಟೋ ಗೆಳೆಯರು ಈ ಗುಡ್ಡ ಹತ್ತಿಲ್ಲ. ಹತ್ತದಿದ್ದರೆ ಅವರು ನೋಡಿದ್ದು ಅತಿಥಿಗಳಿಗಾಗಿ ಹಾಕಿದ ಚಪ್ಪರವನ್ನು ಮಾತ್ರ, ಮನೆಯನ್ನಲ್ಲ. ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

1321ರ ಸಾಂತೋ ಸ್ತೆಫಾನೋ ಬಾಗಿಲಿನ ಕಲ್ಲಿನ ಕಮಾನಿನಡಿ ಹೊಕ್ಕೆವು. ಹತ್ತು ಹೆಜ್ಜೆಯಲ್ಲಿ ಬಿಸಿಲು ಹೋಯಿತು, ವಾಹನದ ಸದ್ದು ಹೋಯಿತು, ತಂಪು ಕಲ್ಲಿನ ವಾಸನೆ ಬಂತು. ಇಲ್ಲಿನ ಓಣಿಗಳಿಗೆ ಲಿಗೂರಿಯಾದ ಮಾತಿನಲ್ಲಿ 'ಕರುಜ್ಜಿ' ಅನ್ನುತ್ತಾರೆ. ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಕಿರಿದು. ಅಗಲವಾದ ತಗ್ಗು ಮೆಟ್ಟಿಲು, ತಲೆಯ ಮೇಲೆ ಆ ಮನೆಯಿಂದ ಈ ಮನೆಗೆ ಹಾಯ್ದ ಕಲ್ಲಿನ ಕಮಾನು. ಅದು ಶೃಂಗಾರಕ್ಕೆ ಕಟ್ಟಿದ್ದಲ್ಲ. ಭೂಮಿ ನಡುಗಿದಾಗ ಎದುರುಬದುರಿನ ಗೋಡೆಗಳು ಒಂದಕ್ಕೊಂದು ಊರೆಯಾಗಲಿ ಎಂದು ಕೊಟ್ಟ ಆಸರೆ. ಅಮ್ಮ ಒಂದು ಕಮಾನಿನಡಿ ನಿಂತು ಗೋಡೆ ಸವರಿ ನೋಡಿದಳು. ಗೋಡೆಗೆ ಒರಗಿ, ಒಂದು ಕಾಲು ಸಡಿಲ ಬಿಟ್ಟು ಐದು ನಿಮಿಷ ಸುಧಾರಿಸಿಕೊಂಡಳು.

ಎರಡನೇ ಸಲ ಸುಧಾರಿಸಿಕೊಳ್ಳುವಾಗ ಪಕ್ಕದ ಬಾಗಿಲು ತೆರೆಯಿತು. ಎಂಬತ್ತರ ಆಸುಪಾಸಿನ ಅಜ್ಜಿಯೊಬ್ಬರು ಹುಲ್ಲುಹೆಣಿಗೆಯ ಕುರ್ಚಿಯೊಂದನ್ನು ತಂದು ಮೆಟ್ಟಿಲ ಮೇಲೆ ಇಟ್ಟು, ಅಮ್ಮನ ಕಡೆ ತೋರಿಸಿ, "ಸಿನ್ಯೋರಾ," ಅಂದರು. ಬೇರೇನೂ ಹೇಳದೆ ಹೊಸ್ತಿಲ ಮೇಲೆ ಕೂತು, ಬಿಟ್ಟ ಕೆಲಸ ಮುಂದುವರಿಸಿದರು. ಮಡಿಲಲ್ಲಿ ಒಂದು ಬೇಸಿನ್ ತುಂಬ ಆರ್ಟಿಚೋಕ್ ಎಂಬ ಹೂಮೊಗ್ಗಿನ ತರಕಾರಿ. ಈ ಸೀಮೆಯದು ಮುಳ್ಳಿನ ಜಾತಿ, ಪ್ರತಿ ಎಸಳಿನ ತುದಿಗೂ ಸೂಜಿಯಂಥ ಮೊನೆ. ಹೊರಗಿನ ಗಡಸು ಎಸಳುಗಳನ್ನು ಪಟಪಟ ಕಿತ್ತು, ತಲೆ ಕತ್ತರಿಸಿ, ಒಳಗಿನ ನವಿರು ರೋಮ ಕೆರೆದು, ನಿಂಬೆ ಹಿಂಡಿದ ನೀರಿಗೆ ಹಾಕುತ್ತಿದ್ದರು.

ಅಮ್ಮ ನೋಡುತ್ತಾ ನೋಡುತ್ತಾ ಕುರ್ಚಿಯ ಮುಂದಂಚಿಗೆ ಬಂದಳು. "ಪುಟ್ಟೀ, ಇದು ಬಾಳೆಹೂವು ಬಿಡಿಸೋ ಥರವೇ ಕಣೆ. ಮೇಲಿಂದೆಲ್ಲ ತೆಗೆದು ಒಳಗಿನ ಬಿಳೀದು. ಕೈ ಕಪ್ಪಾಗಲ್ವಾ ಕೇಳು."

ಕೇಳಿದೆ. ಅಜ್ಜಿ ಎರಡೂ ಅಂಗೈ ತೆರೆದು ತೋರಿಸಿದರು. ಹೆಬ್ಬೆರಳು, ತೋರುಬೆರಳಿನ ಗೆರೆಗಳೆಲ್ಲ ಮಸಿ ತುಂಬಿದ ಹಾಗೆ ಕಪ್ಪು. ಹಿಂಡಿದ ನಿಂಬೆಯ ಹೋಳನ್ನು ಬೆರಳಿಗೆ ತಿಕ್ಕಿ ತೋರಿಸಿದರು. ಅಮ್ಮ, "ನಾವು ಮಜ್ಜಿಗೆ," ಅಂದಳು ಕನ್ನಡದಲ್ಲೇ. ಕೈ ನೀಡಿ ಬೇಸಿನ್ನಿಂದ ಒಂದನ್ನು ತೆಗೆದುಕೊಂಡಳು. ಅಜ್ಜಿ ಅರೆಗಳಿಗೆ ನೋಡಿ, ಒಳಗೆ ಹೋಗಿ ಇನ್ನೊಂದು ಚಾಕು ತಂದರು.

ಮುಕ್ಕಾಲು ಗಂಟೆ ಇಬ್ಬರೂ ಬಿಡಿಸಿದರು. ಮೊದಲೆರಡರಲ್ಲಿ ಅಮ್ಮ ಬೇಕಾದ್ದನ್ನೂ ಕಿತ್ತೆಸೆದಳು, ಅಜ್ಜಿ ಅವಳ ಮಣಿಕಟ್ಟು ಹಿಡಿದು ಎಲ್ಲಿ ನಿಲ್ಲಿಸಬೇಕೆಂದು ತೋರಿಸಿದರು. ನಾನು ಮಧ್ಯೆ ಕೂತು ಆಗಾಗ ಮಾತು ದಾಟಿಸುತ್ತಿದ್ದೆ. ಅಜ್ಜಿ ಹುಟ್ಟಿದ್ದು ಇದೇ ಓಣಿಯಲ್ಲಿ, ಎರಡು ಬಾಗಿಲು ಆಚೆ. ಮಕ್ಕಳು ಕೆಳಗಿನ ಹೊಸ ಊರಿನಲ್ಲಿ, ಲಿಫ್ಟ್ ಇರುವ ಮನೆಯಲ್ಲಿದ್ದಾರೆ. ಓಣಿಯಲ್ಲಿ ಹಳಬರು ಕಡಿಮೆಯಾದರು. ಈಗಿನ ನೆರೆಯವರು ಹೆಚ್ಚಿನವರು ಬೇರೆ ಬೇರೆ ದೇಶಗಳಿಂದ ಕೆಲಸಕ್ಕೆ ಬಂದವರು. "ಮಕ್ಕಳ ಸದ್ದು ಮತ್ತೆ ಕೇಳುತ್ತದೆ, ಒಳ್ಳೆಯದು," ಅಂದರು. ಅಮ್ಮನಿಗೆ ಅದನ್ನು ಹೇಳಿದೆ. ನಮ್ಮ ಕೇರಿಯಲ್ಲಿ ಬೀಗ ಬಿದ್ದ ಮನೆಗಳನ್ನು ಅವಳು ಬೆರಳು ಮಡಿಸಿ ಎಣಿಸಿದಳು. ಆ ಎಣಿಕೆಯಲ್ಲಿ ನನ್ನ ಮನೆಯೂ ಒಂದು ದಿನ ಬರುತ್ತದೆಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಅಲ್ಲಿಂದ ಮೇಲೆ ಹತ್ತುವುದು ಅಮ್ಮನಿಗೆ ಕಷ್ಟವಾಗಲಿಲ್ಲ, ಅಥವಾ ಅವಳು ಹೇಳಲಿಲ್ಲ. ಗುಡ್ಡದ ನೆತ್ತಿಯಲ್ಲಿ ರೆಜಿನಾ ಎಲೆನಾ ಉದ್ಯಾನ, ಅದರಾಚೆ ನಿನ್ನೆ ಕೆಳಗಿಂದ ಕಂಡ ಗುಮ್ಮಟ: ಮಡೋನ್ನಾ ದೆಲ್ಲಾ ಕೋಸ್ತಾ, ಕಡಲಿಗೆ ಹೋದವರು ಹರಕೆ ಹೊರುತ್ತಿದ್ದ ದೇವಾಲಯ. ಅದರ ಅಂಗಳ ನೋಡಬೇಕು. 1651ರಲ್ಲಿ ಕಪ್ಪು ಬಿಳಿ ಬೆಣಚುಕಲ್ಲುಗಳನ್ನು ಒಂದೊಂದಾಗಿ ನೆಟ್ಟು ರಂಗೋಲಿಯಂತೆ ಬಿಡಿಸಿದ್ದಾರೆ. ಈ ಕುಸುರಿಗೆ ಇಲ್ಲಿ 'ರಿಸ್ಸೆಯು' ಅನ್ನುತ್ತಾರೆ. ಅಮ್ಮ ಚಪ್ಪಲಿ ಕಳಚಿ ಅದರ ಮೇಲೆ ನಡೆದಳು.

ಅಲ್ಲಿಂದ ಹಳೆಯ ಬಂದರು, ಅದರ ಪಕ್ಕದ ಸಾಂತಾ ತೆಕ್ಲಾ ಕೋಟೆ ಕಾಣುತ್ತದೆ. 1753ರಲ್ಲಿ ಸಾನ್‌ರೆಮೋ ಜನ ತಮ್ಮನ್ನಾಳುತ್ತಿದ್ದ ಜೆನೋವಾ ಗಣರಾಜ್ಯದ ವಿರುದ್ಧ ಎದ್ದರು. ದಂಗೆಯನ್ನು ಹೊಸಕಿ ಹಾಕಿದ ಜೆನೋವಾದವರು ಮೂರೇ ವರ್ಷದೊಳಗೆ ಈ ಕೋಟೆ ಎಬ್ಬಿಸಿದರು. ಕಡಲಂಚಿನ ಕೋಟೆ, ಆದರೆ ಅದನ್ನು ಕಟ್ಟಿದ್ದು ಕಡಲಿನ ಶತ್ರುವಿಗಾಗಿ ಅಲ್ಲ, ಈ ಗುಡ್ಡವನ್ನು ಹದ್ದುಬಸ್ತಿನಲ್ಲಿಡಲು. ಆಮೇಲೆ ಅದು ಬಹುಕಾಲ ಜೈಲಾಗಿತ್ತು, 1990ರ ದಶಕದವರೆಗೂ.

ಇಳಿದು ಬಂದು ಮಾರುಕಟ್ಟೆ ಹತ್ತಿರ ಊಟ. ಇಲ್ಲಿನ ಹೆಸರಾಂತ ಸಾರ್ದೆನಾಯ್ರಾ ನೋಡಲು ದಪ್ಪ ಪಿಜ್ಜಾದಂತಿರುತ್ತದೆ, ಟೊಮೇಟೊ, ಬೆಳ್ಳುಳ್ಳಿ, ತಾಜಾಸ್ಕಾ ಎಂಬ ಪುಟ್ಟ ಆಲಿವ್ ಎಲ್ಲ ಇರುತ್ತದೆ. ಆದರೆ ಅದರಲ್ಲಿ ಆಂಚೋವಿ ಮೀನೂ ಇರುವುದರಿಂದ ನಮ್ಮಂಥ ಸಸ್ಯಾಹಾರಿಗಳು ಕೇಳಿಯೇ ತಗೊಳ್ಳಬೇಕು. ನಮಗೆ ಸಿಕ್ಕಿದ್ದು ಫರಿನಾತಾ: ಕಡಲೆ ಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು. ಅಗಲ ತಟ್ಟೆಯಲ್ಲಿ ತೆಳ್ಳಗೆ ಹೊಯ್ದು ಕಟ್ಟಿಗೆ ಒಲೆಯಲ್ಲಿ ಬೇಯಿಸುತ್ತಾರೆ. ಅಮ್ಮ ಎರಡು ತುಂಡು ತಿಂದು, "ಹಸಿಮೆಣಸು ಒಂದಿದ್ದಿದ್ದರೆ," ಅಂದಳು, ಮೂರನೆಯದಕ್ಕೆ ಕೈ ಹಾಕುತ್ತಾ.

ಮೂರನೇ ದಿನ, ಮಾರ್ಚ್ 7

ಅಮ್ಮ ಏಳುವ ಮೊದಲೇ ಬಾಡಿಗೆ ಸೈಕಲ್ ಹಿಡಿದು ಹೊರಟೆ. ರೈಲು ಬೆಟ್ಟದೊಳಗೆ ಹೋದ ಮೇಲೆ ಕಡಲಂಚಿನ ಹಳೆಯ ಹಳಿಯ ಜಾಗವನ್ನು ಸೈಕಲ್ ದಾರಿ ಮಾಡಿದ್ದಾರೆ. ಸಾನ್ ಲೊರೆಂಜೋದಿಂದ ಓಸ್ಪೆದಲೆತ್ತಿಯವರೆಗೆ 24 ಕಿ.ಮೀ. ರೈಲಿನ ದಾರಿಯಾದ್ದರಿಂದ ಏರಿಳಿತವಿಲ್ಲ. ಓಸ್ಪೆದಲೆತ್ತಿ ಕಡೆಗೆ ಕಾಪೋ ನೇರೋ ಎಂಬ 1.75 ಕಿ.ಮೀ. ಸುರಂಗವಿದೆ. ಅದರೊಳಗೆ ಮಿಲಾನ್-ಸಾನ್‌ರೆಮೋ ಸೈಕಲ್ ಸ್ಪರ್ಧೆಯ ಚರಿತ್ರೆಯನ್ನೇ ಬರೆದಿದ್ದಾರೆ. 1907ರಲ್ಲಿ ಶುರುವಾಗಿ, ಒಂದೇ ದಿನದಲ್ಲಿ ಮುನ್ನೂರು ಕಿ.ಮೀ. ಹತ್ತಿರ ತುಳಿಸುವ ಸ್ಪರ್ಧೆ ಅದು. ಬೆಲ್ಜಿಯಂನ ಎಡ್ಡಿ ಮರ್ಕ್ಸ್ ಏಳು ಸಲ ಗೆದ್ದಿದ್ದಾರೆ. ಸುರಂಗದ ಆಚೆ ತುದಿಯಲ್ಲಿ ಹೊರಬಿದ್ದಾಗ ಸೂರ್ಯ ಆಗಷ್ಟೇ ಮೇಲೆ ಬಂದಿದ್ದ.

ಹತ್ತು ಗಂಟೆಗೆ ಟ್ಯಾಕ್ಸಿಯಲ್ಲಿ ಬುಸ್ಸಾನಾ ವೆಕ್ಕಿಯಾ. ಸಾನ್‌ರೆಮೋದ ಪೂರ್ವಕ್ಕೆ ಗುಡ್ಡದ ಮೇಲಿನ ಹಳ್ಳಿ. 1887ರ ಫೆಬ್ರವರಿ 23 ವಿಭೂತಿ ಬುಧವಾರ, ಈಸ್ಟರಿಗೆ ಮುಂಚಿನ ಕ್ರೈಸ್ತರ ಉಪವಾಸ ಕಾಲ ಶುರುವಾಗುವ ದಿನ. ಬೆಳಗಿನ ಪೂಜೆಗೆ ಜನ ಚರ್ಚಿನಲ್ಲಿ ಸೇರಿದ್ದಾಗ ಭೂಕಂಪವಾಗಿ ಚಾವಣಿ ಕುಸಿಯಿತು. ಬದುಕುಳಿದವರು ಕೆಲವು ವರ್ಷ ಅಲ್ಲೇ ಕಷ್ಟಪಟ್ಟು, 1894ರಲ್ಲಿ ಕೆಳಗೆ ಕಟ್ಟಿಕೊಂಡ ಹೊಸ ಬುಸ್ಸಾನಾಕ್ಕೆ ಇಳಿದುಹೋದರು. ಪಾಳುಬಿದ್ದ ಹಳ್ಳಿಗೆ 1950ರ ದಶಕದ ಕೊನೆಯಲ್ಲಿ ಕಲಾವಿದರು ಬರತೊಡಗಿದರು, ಮೊದಲಿಗರಲ್ಲಿ ಟೊರಿನೋದವರೂ ಇದ್ದರು. ಬಿದ್ದ ಕಲ್ಲುಗಳನ್ನೇ ಎತ್ತಿ ಕಟ್ಟಿ, ನೀರಿಲ್ಲದೆ, ದೀಪವಿಲ್ಲದೆ ಬದುಕಿದರು. ಈಗ ಅಲ್ಲಿ ಅವರ ಅಂಗಡಿ, ಕುಂಬಾರಿಕೆ, ಚಿತ್ರಶಾಲೆಗಳಿವೆ. ನಾನು ಬಣ್ಣದ ಪಿಂಗಾಣಿ ನೋಡುತ್ತಿದ್ದೆ, ಅಮ್ಮ ಚರ್ಚಿನ ಮುಂದೆಯೇ ಇದ್ದಳು. ಚಾವಣಿಯಿಲ್ಲ, ಒಳಗೆಲ್ಲ ಹುಲ್ಲು, ಗೋಡೆಯ ಎತ್ತರದಲ್ಲಿ ಗಾರೆಯ ಅಲಂಕಾರದ ಚೂರುಪಾರು ಇನ್ನೂ ಅಂಟಿಕೊಂಡಿದೆ. ಗಂಟೆಗೋಪುರ ಮಾತ್ರ ನೆಟ್ಟಗೆ ನಿಂತಿದೆ.

"ಮೊನ್ನೆ ನಾವು ಬಂದ ದಿನವೂ ವಿಭೂತಿ ಬುಧವಾರವೇ ಅಲ್ವಾ?" ಅಂದಳು. ರೈಲಿನಲ್ಲಿ ಸಹಪ್ರಯಾಣಿಕರೊಬ್ಬರು ಹೇಳಿದ್ದನ್ನು ನಾನು ಮರೆತೇಬಿಟ್ಟಿದ್ದೆ.

ವಾಪಸು ಬರುವ ದಾರಿಯಲ್ಲಿ ಕೋರ್ಸೋ ಕವಲ್ಲೋತ್ತಿಯಲ್ಲಿ ಇಳಿದೆವು, ಆಲ್ಫ್ರೆಡ್ ನೊಬೆಲ್ ಮನೆಯ ಮುಂದೆ. ಒಳಗೆ ಬಿಡುವ ಹೊತ್ತು ಅದಲ್ಲ, ನಾನು ಮೊದಲೇ ವಿಚಾರಿಸಬೇಕಿತ್ತು. ಗೇಟಿನ ಆಚೆಯಿಂದಲೇ ಮೂರಿಶ್ ಶೈಲಿಯ ಕಮಾನುಗಳ ಆ ಎತ್ತರದ ಮನೆ ಕಂಡಿತು. ಹೊಗೆಯಿಲ್ಲದ ಸಿಡಿಮದ್ದಿನ ವಿಚಾರಕ್ಕೆ ಫ್ರಾನ್ಸಿನೊಡನೆ ಕೆಟ್ಟು, ಪ್ಯಾರಿಸ್ ಬಿಟ್ಟು 1891ರಲ್ಲಿ ನೊಬೆಲ್ ಇಲ್ಲಿಗೆ ಬಂದರು. ತೋಟದಲ್ಲೇ ಪ್ರಯೋಗಶಾಲೆ. ಮನೆಗೆ ಮೊದಲಿದ್ದ ಹೆಸರು 'ಮಿಯೋ ನಿದೋ', ನನ್ನ ಗೂಡು. 1896ರ ಡಿಸೆಂಬರ್ 10ರಂದು ಅವರು ತೀರಿಕೊಂಡದ್ದು ಈ ಮನೆಯಲ್ಲಿ. ಅದಕ್ಕೇ ಪ್ರತಿ ವರ್ಷ ಅದೇ ತಾರೀಕಿನಂದು ಸ್ಟಾಕ್‌ಹೋಮಿನಲ್ಲಿ ಬಹುಮಾನ ಕೊಡುವುದು. ಅಂದಿನ ಸಭೆಗೆ ಬಹಳ ವರ್ಷ ಹೂವು ಹೋದದ್ದೂ ಸಾನ್‌ರೆಮೋದಿಂದಲೇ. ನಮ್ಮ ಬೆಂಗಳೂರಿನಲ್ಲೇ ನೆಲೆಸಿದ ಸಿ. ವಿ. ರಾಮನ್ 1930ರಲ್ಲಿ ಬಹುಮಾನ ಪಡೆದದ್ದೂ ಡಿಸೆಂಬರ್ 10ರಂದೇ.

ಇವೆಲ್ಲವನ್ನೂ ಅಮ್ಮ ಹೂಂಗುಟ್ಟುತ್ತಾ ಕೇಳಿದಳು. ಆಮೇಲೆ ಇನ್ನೊಂದು ಹೇಳಿದೆ. ನೊಬೆಲರಿಗೆ ಐದು ಭಾಷೆ ಬರುತ್ತಿತ್ತು. ಮಿದುಳಿನಲ್ಲಿ ರಕ್ತಸ್ರಾವವಾಗಿ ಮಲಗಿದಾಗ ಕಲಿತ ಭಾಷೆಗಳೆಲ್ಲ ಅಳಿಸಿಹೋಗಿ ಹುಟ್ಟಿನ ಸ್ವೀಡಿಷ್ ಒಂದೇ ಉಳಿಯಿತಂತೆ. ಸುತ್ತ ಇದ್ದ ಆಳುಗಳಿಗೆ ಸ್ವೀಡಿಷ್ ಬರುತ್ತಿರಲಿಲ್ಲ. ಅವರಿಗೆ ಅರ್ಥವಾದದ್ದು 'ಟೆಲಿಗ್ರಾಮ್' ಎಂಬ ಒಂದೇ ಪದ ಎಂದು ಅವರ ಜೀವನಚರಿತ್ರೆಗಳಲ್ಲಿದೆ. ತಂತಿ ಕೊಟ್ಟರು, ಆದರೆ ಬಂಧುಗಳು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಅಮ್ಮ ಗೇಟಿನ ಸರಳು ಹಿಡಿದು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. "ನೀರು ಬೇಕು ಅಂದಿರಬಹುದು ಪಾಪ," ಅಂದಳು.

ಟೊರಿನೋಗೆ ಬಂದು ಏಳು ವರ್ಷವಾಯಿತು. ಈಗ ನನಗೆ ಕನಸೂ ಕೆಲವೊಮ್ಮೆ ಇಟಾಲಿಯನ್‌ನಲ್ಲಿ ಬೀಳುತ್ತದೆ. ಆ ಮಧ್ಯಾಹ್ನ ಹೋಟೆಲಿಗೆ ನಡೆದು ಬರುವಾಗ ಅಮ್ಮನ ಕೈ ನಾನೇ ಹಿಡಿದುಕೊಂಡೆ.

ನಾಲ್ಕನೇ ದಿನ, ಮಾರ್ಚ್ 8, ಶನಿವಾರ

ಮಹಿಳಾ ದಿನದಂದು ಇಟಲಿಯಲ್ಲಿ ಹೆಂಗಸರಿಗೆ ಮಿಮೋಜಾ ಹೂ ಕೊಡುವ ಪದ್ಧತಿ 1946ರಿಂದ ನಡೆದುಬಂದಿದೆ. ಬೆಳಗಿನ ಕಾಫಿಗೆ ಹೋದಲ್ಲಿ ಯಜಮಾನರು ನಮ್ಮಿಬ್ಬರಿಗೂ ಒಂದೊಂದು ಕೊಂಬೆ ಕೊಟ್ಟರು. ಅಮ್ಮ ಹೂವನ್ನು ಮೂಗಿಗೆ ಹಿಡಿದು, "ಇದು ನಮ್ಮ ಜಾಲಿ ಹೂವಲ್ಲೇನೇ!" ಎಂದು ಕೂಗಿಯೇಬಿಟ್ಟಳು. ಅದೇ ಬಳಗದ್ದು. ಕಡಲೆ ಕಾಳಿಗಿಂತ ಸಣ್ಣ ಹಳದಿ ಚೆಂಡುಗಳು, ಮುಟ್ಟಿದರೆ ಬೆರಳಿಗೆ ಅರಿಶಿನದಂಥ ಪುಡಿ. ಜಡೆಗೆ ಸಿಕ್ಕಿಸಿಕೊಳ್ಳಲು ನೋಡಿದಳು, ಉದುರಿತು. ಸೀರೆಯ ಹೆಗಲಿನ ಮೇಲೆಲ್ಲ ಹಳದಿ.

ಸಂತೆಯ ದಿನವಾದ್ದರಿಂದ ಬೀದಿ ಗಿಜಿಗುಡುತ್ತಿತ್ತು. ಅಮ್ಮನಿಗೆ ಕೊಳ್ಳುವ ಮನಸ್ಸಿರಲಿಲ್ಲ. ಬಂದರಿನ ಹತ್ತಿರ ಪಿಯಾಜ್ಜಾ ಬ್ರೆಸ್ಕಾದಲ್ಲಿ ಕೂರಿಸಿ ಆ ಹೆಸರಿನ ಕತೆ ಹೇಳಿದೆ. 1586ರಲ್ಲಿ ರೋಮಿನ ಸಂತ ಪೇತ್ರರ ಚೌಕದಲ್ಲಿ ಈಜಿಪ್ಟಿನ ಏಕಶಿಲಾ ಸ್ತಂಭವನ್ನು ನಿಲ್ಲಿಸುವಾಗ, ಬಾಯಿಬಿಟ್ಟವರಿಗೆ ಮರಣದಂಡನೆ ಎಂದು ಪೋಪರ ಆಜ್ಞೆಯಾಗಿತ್ತಂತೆ. ಹಗ್ಗಗಳು ಬಿಸಿಯೇರಿ ಇನ್ನೇನು ಕಡಿಯಬೇಕು, ಸಾನ್‌ರೆಮೋದ ನಾವಿಕ ಬ್ರೆಸ್ಕಾ "ಹಗ್ಗಕ್ಕೆ ನೀರು!" ಎಂದು ಕೂಗಿದ. ನೀರು ಸುರಿದರು, ಹಗ್ಗ ಬಿಗಿಯಿತು, ಕಂಬ ನಿಂತಿತು. ಶಿಕ್ಷೆಯ ಬದಲು ಅವನಿಗೆ ಸಿಕ್ಕಿದ್ದು ಈಸ್ಟರಿನ ಹಿಂದಿನ ಗರಿಗಳ ಭಾನುವಾರಕ್ಕೆ ವ್ಯಾಟಿಕನ್‌ಗೆ ತಾಳೆಗರಿ ಒದಗಿಸುವ ಹಕ್ಕು. ಇಲ್ಲಿ ಈಗಲೂ ಸುಳಿಗರಿಗಳನ್ನು ಮರದ ಮೇಲೆಯೇ ಬಿಸಿಲು ತಾಗದಂತೆ ಬಿಗಿದು ಕಟ್ಟಿ, ಬೆಳ್ಳಗೆ ಬೆಳೆಸಿ, ಹೆಣೆದು 'ಪರ್ಮುರೇಲಿ' ಮಾಡುತ್ತಾರೆ.

ಕತೆ ಮುಗಿಯುವ ಮೊದಲೇ ಅಮ್ಮ ಎದ್ದು ನಿಂತಿದ್ದಳು. "ಈ ಹೂವು ಆ ಅಜ್ಜಿಗೆ ಯಾರು ಕೊಡ್ತಾರೆ?"

ರೈಲಿಗೆ ಎರಡು ಗಂಟೆಯಿತ್ತು. ಮತ್ತೆ ಅದೇ ಬಾಗಿಲು, ಅದೇ ಮೆಟ್ಟಿಲು. ಈ ಸಲ ಅಮ್ಮ ಒಂದೇ ಕಡೆ ನಿಂತಳು. ಅಜ್ಜಿ ಬಾಗಿಲು ತೆರೆದಾಗ ಕೊಂಬೆ ಚಾಚಿ, ನಿನ್ನೆ ರಾತ್ರಿ ನನ್ನಿಂದ ಕೇಳಿ ಕಲಿತಿದ್ದ "ಗ್ರಾತ್ಸಿಯೆ" (ಥ್ಯಾಂಕ್ಸ್) ಅನ್ನುವುದರ ಬದಲು "ತಗೊಳಿ" ಅಂದುಬಿಟ್ಟಳು. ಅಜ್ಜಿ ಹೂವನ್ನು ಲೋಟದ ನೀರಿನಲ್ಲಿಟ್ಟು ಕಿಟಕಿಗೆ ತಂದಿಟ್ಟರು. ಮೊನ್ನೆ ನಾವು ಬಿಡಿಸಿದ ಆರ್ಟಿಚೋಕ್ ಆಲಿವ್ ಎಣ್ಣೆ ತುಂಬಿದ ಗಾಜಿನ ಭರಣಿಗಳಲ್ಲಿ ಸಾಲಾಗಿ ಕೂತಿತ್ತು. ಒಂದನ್ನು ಕಾಗದದಲ್ಲಿ ಸುತ್ತಿ ಅಮ್ಮನ ಕೈಗಿಟ್ಟು, ಹದಿನೈದು ದಿನ ತೆರೆಯಬೇಡ ಎಂದು ಮೂರು ಸಲ ಬೆರಳೆಣಿಸಿ ಹೇಳಿದರು. ಕುರ್ಚಿ ಮತ್ತೆ ಹೊರಗೆ ಬಂತು. ನಮ್ಮ ರೈಲು ಹೋಯಿತು, ಮುಂದಿನ ರೈಲಿಗೆ ಹೊರಟೆವು.

ಟೊರಿನೋ ತಲುಪಿದ ರಾತ್ರಿ ಅಪ್ಪ ವಿಡಿಯೋ ಕರೆ ಮಾಡಿ, ಸಮುದ್ರ ಹೇಗಿತ್ತು, ಫೋಟೋ ತೋರಿಸು ಅಂದರು. ಫೋನಿನಲ್ಲಿ ನೂರಾರು ಇದ್ದವು. ಅಮ್ಮ ಅದನ್ನು ಬಿಟ್ಟು ತನ್ನ ಹೆಬ್ಬೆರಳನ್ನು ಕ್ಯಾಮೆರಾಕ್ಕೆ ಹಿಡಿದಳು. ಉಗುರಿನಂಚಿನ ಕಪ್ಪು ಇನ್ನೂ ಹೋಗಿರಲಿಲ್ಲ.